ಬೆಳೆಯುವ ಮಗುವಿಗೆ ಒಳಗೆ ಬಟ್ಟೆ ಬಿಡಿ

ಸೂಜಿ ದಾರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮಕ್ಕಳ ಬಟ್ಟೆಯ ಬಗ್ಗೆಯೇ. ನನಗೆ ತುಂಬಾ ಖುಷಿಯಾಯಿತು. ಆದ್ದರಿಂದ ಬ್ಲೌಸು, ಚೂಡಿದಾರದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಪೂರ್ತಿ ಜಾಗವನ್ನು ಮಕ್ಕಳಿಗೇ ಕೊಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗಳಿಗೆ ನಾಲ್ಕು ವರ್ಷ. ಅಂಗಡಿಯಲ್ಲಿ ತಂದ ಫ್ರಾಕು ಆರು ತಿಂಗಳಿಗೆ ಗಿಡ್ಡ ಆಗುತ್ತದೆ. ಮನೆಯಲ್ಲಿ ಹೊಲಿಗೆ ಯಂತ್ರ ಇದೆ, ಸೀರೆಗೆ ಫಾಲ್ ಹಾಕುವಷ್ಟು, ದಿಂಬಿನ ಕವರ್ ಹೊಲಿಯುವಷ್ಟು ಬರುತ್ತದೆ. ಕಾಟನ್ ಫ್ರಾಕ್ ಹೊಲಿಯೋಣ ಅಂತಿದ್ದೇನೆ. ಎಷ್ಟು ಬಟ್ಟೆ ತರಲಿ? ಎರಡು ವರ್ಷ ಬರುವ ಹಾಗೆ ಅಳತೆಯನ್ನೇ ದೊಡ್ಡದಾಗಿ ಇಡಲಾ ಅಕ್ಕಾ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಮೊದಲು ಕೊನೆಯ ಪ್ರಶ್ನೆಗೆ ಉತ್ತರ. ಬೇಡ, ದೊಡ್ಡದಾಗಿ ಇಡಬೇಡಿ. ನಾವೆಲ್ಲ ಮಾಡುವ ತಪ್ಪೇ ಇದು. ಮಗು ಬೆಳೆಯುತ್ತದೆ ಅಂತ ಎಲ್ಲಾ ಕಡೆ ಎರಡೆರಡು ಇಂಚು ಸೇರಿಸಿಬಿಡುತ್ತೇವೆ. ಆಮೇಲೆ ಭುಜ ಜಾರಿ ತೋಳಿನ ಮೇಲೆ ಬೀಳುತ್ತದೆ, ಕೊರಳು ಅಗಲವಾಗಿ ಎದೆ ಕಾಣುತ್ತದೆ, ಮಗು ದಿನವಿಡೀ ಒಂದು ಕೈಯಲ್ಲಿ ಫ್ರಾಕು ಎಳೆದುಕೊಳ್ಳುತ್ತಾ ಆಡಬೇಕು.

ಈ ವಯಸ್ಸಿನಲ್ಲಿ ಮಗು ವರ್ಷಕ್ಕೆ ಸುಮಾರು 6 ಸೆಂ.ಮೀ. ಎತ್ತರ ಆಗುತ್ತದೆ, ಅಂದರೆ ಎರಡು, ಎರಡೂವರೆ ಇಂಚು. ಎದೆಯ ಸುತ್ತಳತೆ ಅಷ್ಟು ಬೇಗ ಬೆಳೆಯುವುದಿಲ್ಲ, ವರ್ಷಕ್ಕೆ ಹೆಚ್ಚೆಂದರೆ ಒಂದು ಇಂಚು. ಭುಜ ಅದಕ್ಕಿಂತ ನಿಧಾನ. ಹಾಗಾಗಿ ಹೊಲಿಗೆ ಈಗಿನ ಮೈಗೆ ಸರಿಯಾಗಿ ಕೂರಬೇಕು, ಮುಂದಿನ ವರ್ಷದ ಬಟ್ಟೆ ಒಳಗೆ ಮಡಚಿಕೊಂಡು ಕಾಯಬೇಕು. ಕೆಳಗಿನ ಅಂಚಿನಲ್ಲಿ ಮೂರು ಇಂಚು, ಎರಡೂ ಪಕ್ಕದ ಹೊಲಿಗೆಯಲ್ಲಿ ಒಂದೊಂದು ಇಂಚು, ಸೊಂಟದ ಜೋಡಣೆಯಲ್ಲಿ ಮೇಲಿನ ಭಾಗದ ಕಡೆ ಒಂದು ಇಂಚು. ಇಷ್ಟು ಬಿಟ್ಟರೆ ಒಂದೇ ಫ್ರಾಕು ಎರಡು ವರ್ಷ ಬರುತ್ತದೆ, ಎರಡು ವರ್ಷವೂ ಅಳತೆಗೆ ಸರಿಯಾಗಿಯೇ ಇರುತ್ತದೆ.

ಈಗ ಬಟ್ಟೆಯ ಲೆಕ್ಕ. ನಾಲ್ಕು ವರ್ಷದ ಮಗುವಿನ ಎದೆ ಸುಮಾರು 22 ಇಂಚು ಇರುತ್ತದೆ, ಆದರೆ ನಿಮ್ಮ ಮಗಳದ್ದೇ ಅಳತೆ ತೆಗೆಯಿರಿ, ಟೇಪು ಮೈಗೆ ತಾಗಿ ಒಳಗೆ ಎರಡು ಬೆರಳು ಆಡುವ ಹಾಗೆ. 22ಕ್ಕೆ ಉಸಿರಾಡಲು, ಕೈ ಎತ್ತಲು ನಾಲ್ಕು ಇಂಚು ಸೇರಿಸಿ 26 ಇಂಚು ಸುತ್ತಳತೆಯ ಮೇಲ್ಭಾಗ ಇಡಿ. ಇದು ಆಟದ ಸಡಿಲ, ಬೆಳವಣಿಗೆಯ ಲೆಕ್ಕಕ್ಕೆ ಇದನ್ನು ಸೇರಿಸಬೇಡಿ. ಭುಜದಿಂದ ಸೊಂಟಕ್ಕೆ ಒಂಬತ್ತು ಇಂಚು, ಅಲ್ಲಿಂದ ಮಂಡಿಗೆ ಹದಿನಾಲ್ಕು ಇಂಚು ಅಂದುಕೊಳ್ಳಿ. ಸ್ಕರ್ಟಿಗೆ ಅಂಚಿನ ಮೂರು ಇಂಚು, ಹೊಲಿಗೆಗೆ ಒಂದು ಇಂಚು ಸೇರಿ 18 ಇಂಚು ಎತ್ತರದ ಎರಡು ತುಂಡು ಬೇಕು, ಹಿಂದೊಂದು, ಮುಂದೊಂದು. ಅಲ್ಲಿಗೆ 36 ಇಂಚು ಆಯಿತು. ಮೇಲ್ಭಾಗಕ್ಕೆ ಹನ್ನೊಂದು, ಪಫ್ ತೋಳಿಗೆ ಐದಾರು. 36 ಇಂಚು ಪನ್ನದ, ಅಂದರೆ ಅಗಲದ, ಬಟ್ಟೆಯಾದರೆ ಒಂದೂವರೆ ಮೀಟರ್ ಸಾಕು, ಕೊರಳಿಗೆ ಓರೆ ಪಟ್ಟಿ (ಎಳೆಗೆ ಓರೆಯಾಗಿ ಕತ್ತರಿಸಿದ ಪಟ್ಟಿ) ಕತ್ತರಿಸಿಕೊಳ್ಳುವಷ್ಟು ಚೂರೂ ಉಳಿಯುತ್ತದೆ. ನೆರಿಗೆಗೆ ಕಾಟನ್ ಆದರೆ ಸೊಂಟದ ಎರಡು ಪಟ್ಟು ಅಗಲ ಇದ್ದರೆ ಸಾಕು, ಈ ಎರಡು ತುಂಡು ಸೇರಿದರೆ ಅದಕ್ಕಿಂತ ಜಾಸ್ತಿಯೇ ಬರುತ್ತದೆ. ಮಲ್‌ಮಲ್‌ನಂಥ ತೆಳು ಬಟ್ಟೆಗೆ ಮಾತ್ರ ಎರಡೂವರೆ, ಮೂರು ಪಟ್ಟು ಬೇಕು.

ಬಟ್ಟೆ ತಂದ ಕೂಡಲೇ ಕತ್ತರಿ ಹಾಕಬೇಡಿ. ರಾತ್ರಿ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಹಿಂಡದೆ ಒಣಗಿಸಿ, ಸ್ವಲ್ಪ ಪಸೆ ಇರುವಾಗಲೇ ಇಸ್ತ್ರಿ ಮಾಡಿ. ಹೊಸ ಕಾಟನ್ ಮೊದಲ ಒಗೆತಕ್ಕೆ ಕುಗ್ಗುತ್ತದೆ. ಹೊಲಿದ ಮೇಲೆ ಕುಗ್ಗಿದರೆ ನೀವು ಮುಂದಿನ ವರ್ಷಕ್ಕೆ ಅಂತ ಬಿಟ್ಟ ಬಟ್ಟೆ ಮೊದಲ ತಿಂಗಳಲ್ಲೇ ಖರ್ಚಾದಂತೆ. ಇನ್ನೊಂದು ಮಾತು. ಬಟ್ಟೆಯ ಉದ್ದದ ಎಳೆ, ಅಂದರೆ ಹಾಸು, ಫ್ರಾಕಿನಲ್ಲೂ ಮೇಲಿಂದ ಕೆಳಗೆ ಬರಲಿ. ಬಟ್ಟೆ ಉಳಿಸಲು ಓರೆಯಾಗಿ ಇಟ್ಟು ಕತ್ತರಿಸಿದರೆ ಫ್ರಾಕು ಜೋತಾಡುತ್ತದೆ.

ಪ್ರಶ್ನೆ: ಹೊಲಿಯುವಾಗ ಬಟ್ಟೆಯ ಮೇಲೆ ಹೊಲಿಗೆ ಚೆನ್ನಾಗಿದೆ, ಕೆಳಗೆ ಮಾತ್ರ ದಾರ ಸಿಕ್ಕು ಸಿಕ್ಕಾಗಿ ಗುಡ್ಡೆ ಬೀಳುತ್ತದೆ. ಬಾಬಿನ್ ಕೇಸ್ ಎರಡು ಸಲ ಬದಲಾಯಿಸಿದೆ. ಏನು ಮಾಡಲಿ?
– ಓದುಗರು, ತುಮಕೂರು

ಉತ್ತರ: ತೊಂದರೆ ಕೆಳಗೆ ಕಂಡರೂ ಕಾರಣ ಮೇಲಿನ ದಾರದ್ದು. ಬಾಬಿನ್ ಕೇಸಿಗೆ ಇನ್ನು ದುಡ್ಡು ಹಾಕಬೇಡಿ. ಬಟ್ಟೆ ಒತ್ತಿ ಹಿಡಿಯುವ ಪಾದ ಮೇಲೆತ್ತಿ, ಮೇಲಿನ ದಾರ ಪೂರ್ತಿ ತೆಗೆದು ಮತ್ತೆ ಪೋಣಿಸಿ. ಪಾದ ಕೆಳಗಿರುವಾಗ ಪೋಣಿಸಿದರೆ ದಾರ ಟೆನ್ಷನ್ ಬಿಲ್ಲೆಗಳ ನಡುವೆ ಕೂರುವುದೇ ಇಲ್ಲ, ಸುಮ್ನೆ ಮೇಲೆ ತೇಲುತ್ತದೆ. ಹತ್ತರಲ್ಲಿ ಎಂಟು ಸಲ ಇಷ್ಟಕ್ಕೇ ಸರಿಹೋಗುತ್ತದೆ. ಆಗದಿದ್ದರೆ ಸೂಜಿ ಬದಲಾಯಿಸಿ. ಸಾಧಾರಣ ಕಾಟನ್‌ಗೆ 14 ನಂಬರು, ರೇಷ್ಮೆ, ಮಲ್‌ಮಲ್‌ಗೆ 11.

ಪ್ರಶ್ನೆ: ಅಕ್ಕಾ, ನಮ್ಮವ್ವ ತೀರಿಕೊಂಡು ಒಂದು ವರ್ಷ ಆಯಿತು. ಅವ್ವನ ಇಳಕಲ್ ಸೀರೆ ಒಂದು ನನ್ನ ಹತ್ತಿರ ಇದೆ, ಹಸಿರು ಮೈ, ಕೆಂಪು ಸೆರಗು. ಮಗಳಿಗೆ ಐದು ತುಂಬುತ್ತದೆ. ಆ ಸೀರೆಯಲ್ಲಿ ಅವಳಿಗೊಂದು ಫ್ರಾಕು ಹೊಲಿಯಬೇಕು ಅಂತ ಆಸೆ. ಮೂರು ಸಲ ಕತ್ತರಿ ಹಿಡಿದು ಮೂರು ಸಲವೂ ಕೆಳಗಿಟ್ಟೆ. ಕತ್ತರಿಸುವುದು ಸರಿಯಾ? ಕತ್ತರಿಸಿದರೆ ಹೇಗೆ?
– ಮಗಳು, ಬಾಗಲಕೋಟೆ ಜಿಲ್ಲೆ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸರಿಯಾ ತಪ್ಪಾ ಅಂತ ಹೇಳುವ ಹಕ್ಕು ನನಗಿಲ್ಲ, ಆದರೆ ನನ್ನ ಮನಸ್ಸಿನಲ್ಲಿ ಇರುವುದನ್ನು ಹೇಳುತ್ತೇನೆ. ನಮ್ಮಲ್ಲಿ ಹಿರಿಯರ ಸೀರೆಯನ್ನು ಕೌದಿ ಮಾಡಿ ಮೊಮ್ಮಕ್ಕಳಿಗೆ ಹೊದಿಸುವುದು ಮೊದಲಿಂದಲೂ ಇದೆ. ಅವರೂ ಆ ಸೀರೆಗೆ ಕತ್ತರಿ ಹಾಕಿಯೇ ಹೊಲಿದದ್ದು. ಟ್ರಂಕಿನಲ್ಲಿ ನುಸಿಗುಳಿಗೆಯ ವಾಸನೆಯಲ್ಲಿ ಮಲಗಿರುವ ಸೀರೆಗಿಂತ ಮಗು ಹಾಕಿಕೊಂಡು ಅಂಗಳದಲ್ಲಿ ಓಡಾಡುವ ಸೀರೆಯಲ್ಲೇ ನಿಮ್ಮವ್ವ ಹೆಚ್ಚು ಇರುತ್ತಾರೆ ಅಂತ ನನಗನ್ನಿಸುತ್ತದೆ. ಹಾಗಂತ ಪೂರ್ತಿ ಕತ್ತರಿಸಬೇಕಾಗಿಲ್ಲ. ಐದು ವರ್ಷದ ಮಗುವಿನ ಫ್ರಾಕಿಗೆ ಸೀರೆಯ ಒಂದೂವರೆ ಮೀಟರ್ ಸಾಕು. ಸೆರಗು ಮುಟ್ಟಲೇಬೇಡಿ, ಅದು ನಿಮಗೆ ಇರಲಿ.

ಸೆರಗು ಮುಟ್ಟಬೇಡಿ ಅನ್ನುವುದಕ್ಕೆ ಹೊಲಿಗೆಯ ಕಾರಣವೂ ಇದೆ. ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ನೇಕಾರರು ಎರಡರ ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸಿ ಆಮೇಲೆ ಸೆರಗು ನೇಯುತ್ತಾರೆ. ಸೀರೆಯಾಗಿ ಉಟ್ಟಾಗ ಆ ಜೋಡಣೆಗೆ ಏನೂ ಆಗುವುದಿಲ್ಲ. ಆದರೆ ಅಲ್ಲೇ ಕತ್ತರಿಸಿ ಮಗುವಿನ ಕಂಕುಳಿಗೋ ಸೊಂಟಕ್ಕೋ ಬರುವ ಹಾಗೆ ಇಟ್ಟರೆ ಎಳೆತಕ್ಕೆ ಬಿಟ್ಟುಕೊಳ್ಳುತ್ತದೆ. ಜೊತೆಗೆ ಎಷ್ಟೋ ಸೀರೆಗಳಲ್ಲಿ ಮೈ ಹತ್ತಿ, ಸೆರಗು ರೇಷ್ಮೆ. ಒಗೆದಾಗ ಎರಡೂ ಒಂದೇ ಥರ ಕುಗ್ಗುವುದಿಲ್ಲ.

ಕತ್ತರಿಸುವ ಮೊದಲು ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮಡಿಕೆಯ ಗೆರೆಗಳನ್ನು ನೋಡಿ. ಬಹಳ ವರ್ಷ ಒಂದೇ ಮಡಿಕೆಯಲ್ಲಿ ಇದ್ದರೆ ಆ ಗೆರೆಯಲ್ಲೇ ಎಳೆ ಸವೆದಿರುತ್ತದೆ. ಎರಡು ಹೆಬ್ಬೆರಳ ನಡುವೆ ಹಿಡಿದು ಮೆಲ್ಲಗೆ ಎಳೆಯಿರಿ. ಚರ್ ಅಂದರೆ ಆ ಜಾಗ ಮೇಲ್ಭಾಗಕ್ಕೆ ಬರಬಾರದು, ನೆರಿಗೆಯ ಒಳಗೆ ಹೋಗಲಿ. ಆಮೇಲೆ ಸೆರಗಿನಿಂದ ದೂರದ, ಒಳಗೆ ಸಿಕ್ಕಿಸುವ ತುದಿಯಿಂದ ಬಟ್ಟೆ ತೆಗೆದುಕೊಳ್ಳಿ. ಅಲ್ಲಿ ಬಿಸಿಲು ಬೀಳದೆ ಬಣ್ಣ ಹಾಗೇ ಇರುತ್ತದೆ. ಎರಡು ದಡಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕೆಳಗಿನ ದಡಿ ನೆಲಕ್ಕೆ ತಾಗಿ ತಾಗಿ ಮಂಕಾಗಿರುತ್ತದೆ. ಸೊಂಟದ ಕಡೆಯ ದಡಿ ಇನ್ನೂ ಅಂಗಡಿಯಿಂದ ತಂದಂತೆಯೇ ಹೊಳೆಯುತ್ತಿರುತ್ತದೆ. ಆ ದಡಿಯನ್ನೇ ಫ್ರಾಕಿನ ಕೆಳಗೆ ಬರುವ ಹಾಗೆ ಇಡಿ.

ಕೆಂಪು ಬಣ್ಣ ಬಿಡುತ್ತದೆಯಾ ಅಂತಲೂ ನೋಡಿಕೊಳ್ಳಿ. ಬಿಳಿ ಬಟ್ಟೆ ಒದ್ದೆ ಮಾಡಿ ದಡಿಯ ಮೂಲೆಗೆ ಐದು ನಿಮಿಷ ಒತ್ತಿ ಹಿಡಿದರೆ ಗೊತ್ತಾಗುತ್ತದೆ. ಬಿಟ್ಟರೆ ಬಿಳಿ ಲೈನಿಂಗ್ ಬೇಡ, ಅದೇ ಹಸಿರಿನ ಲೈನಿಂಗ್ ಹಾಕಿ.

ದಡಿ ಕೆಳಗೆ ಬಂದಾಗ ಅಂಚನ್ನು ಮೂರು ಇಂಚು ಒಳಗೆ ಮಡಚಲು ಆಗುವುದಿಲ್ಲ, ದಡಿಯೇ ಮುಚ್ಚಿಹೋಗುತ್ತದೆ. ಆಗ ಬೆಳವಣಿಗೆಯ ಬಟ್ಟೆಯನ್ನು ದಡಿಯ ಮೇಲೆ ಅಡ್ಡ ಮಡಿಕೆಯಾಗಿ ಹೊಲಿದುಬಿಡಬೇಕು. ಅದರ ಲೆಕ್ಕವನ್ನು ಕೆಳಗೆ ಹಾಸನದ ಅಜ್ಜಿಗೆ ಬರೆದಿದ್ದೇನೆ, ಓದಿಕೊಳ್ಳಿ. ಮೇಲ್ಭಾಗಕ್ಕೆ ಸೀರೆಯ ಮೈ ಬಟ್ಟೆಯೇ ಆಗಬೇಕೆಂದಿಲ್ಲ. ನಿಮ್ಮ ಜಿಲ್ಲೆಯದ್ದೇ ಗುಳೇದಗುಡ್ಡದ ಖಣ ಹಾಕಿ. ಇಳಕಲ್ ಸೀರೆ ಖಣದ ಕುಪ್ಪಸ ಅನ್ನುವ ಜೋಡಿ ಮಗುವಿನ ಮೈಮೇಲೂ ಅಷ್ಟೇ ಚಂದ. ಖಣದ ಪನ್ನ ಕಡಿಮೆ ಇರುವುದರಿಂದ ದೊಡ್ಡವರಿಗೆ ಕಷ್ಟ, ಐದು ವರ್ಷದವಳಿಗೆ ಧಾರಾಳ.

ಮತ್ತೆ ನಾಲ್ಕನೇ ಸಲ ಕತ್ತರಿ ಹಿಡಿಯುವ ಮೊದಲು ಹಳೆಯ ಬೆಡ್‌ಶೀಟಿನಲ್ಲಿ ಇದೇ ಫ್ರಾಕನ್ನು ಒಮ್ಮೆ ಪೂರ್ತಿ ಹೊಲಿದು ಮಗಳಿಗೆ ಹಾಕಿ ನೋಡಿ. ತಪ್ಪೆಲ್ಲ ಅದರಲ್ಲಿ ಆಗಿಹೋಗಲಿ. ಅದು ಸರಿ ಬಂದ ದಿನ ಕೈ ತಾನಾಗಿ ನಡುಗುವುದು ನಿಲ್ಲಿಸುತ್ತದೆ.

ಪ್ರಶ್ನೆ: ಮೊಮ್ಮಗಳಿಗೆ ಆರು ವರ್ಷ. ಗೌರಿ ಹಬ್ಬಕ್ಕೆ ರೇಷ್ಮೆ ಲಂಗ ಹೊಲಿದೆ. ಲಾಡಿ ಎಷ್ಟು ಬಿಗಿ ಕಟ್ಟಿದರೂ ಲಂಗ ಜಾರುತ್ತದೆ, ಬಿಗಿ ಮಾಡಿದರೆ ಸೊಂಟದಲ್ಲಿ ಕೆಂಪು ಗೆರೆ ಬೀಳುತ್ತದೆ. ದುಬಾರಿ ಬಟ್ಟೆ ಬೇರೆ, ಮುಂದಿನ ವರ್ಷಕ್ಕೂ ಬರಬೇಕು.
– ಅಜ್ಜಿ, ಹಾಸನ

ಉತ್ತರ: ಅಮ್ಮಾ, ಚಿಕ್ಕ ಮಕ್ಕಳಿಗೆ ಸೊಂಟ ಅನ್ನುವುದೇ ಇರುವುದಿಲ್ಲ ಅಲ್ವಾ, ಹೊಟ್ಟೆ ಸುತ್ತಳತೆ, ಸೊಂಟ ಎಲ್ಲಾ ಒಂದೇ. ಲಾಡಿ ನಿಲ್ಲಲು ಜಾಗವೇ ಇಲ್ಲ. ಹಾಗಾಗಿ ಲಂಗದ ಭಾರ ಭುಜಕ್ಕೆ ಹೋಗಬೇಕು. ಮೆತ್ತನೆಯ ಬಿಳಿ ಕಾಟನ್‌ನಲ್ಲಿ ತೋಳಿಲ್ಲದ ಒಂದು ಬಾಡಿ ಹೊಲಿದು, ಅದರ ಕೆಳಗೆ ಲಂಗದ ನೆರಿಗೆ ಜೋಡಿಸಿಬಿಡಿ. ಹಿಂದೆ ಮೂರು ಗುಂಡಿ. ಮೇಲೆ ರವಿಕೆ ಹಾಕಿದರೆ ಬಾಡಿ ಕಾಣುವುದಿಲ್ಲ. ಮುಂದಿನ ವರ್ಷ ಬಾಡಿ ಬಿಗಿಯಾದರೆ ಅದನ್ನು ಮಾತ್ರ ಬಿಚ್ಚಿ ಹೊಸದು ಹಾಕಿದರಾಯಿತು, ರೇಷ್ಮೆಗೆ ಕತ್ತರಿ ತಾಗುವುದಿಲ್ಲ.

ಮುಂದಿನ ವರ್ಷದ ಉದ್ದಕ್ಕೆ ಅಡ್ಡ ಮಡಿಕೆ, ಟೈಲರುಗಳು ಟಕ್ಸ್ ಅನ್ನುತ್ತಾರೆ. ನಮ್ಮಮ್ಮ ನನಗೆ ಹೊಲಿದ ಒಂದು ಲಂಗದಲ್ಲಿ ಜರಿ ಅಂಚಿನ ಮೇಲೆ ಇಂಥ ಮೂರು ಮಡಿಕೆ ಇತ್ತು. ಪ್ರತಿ ಯುಗಾದಿಗೆ ಮುಂಚೆ ಬಾಗಿಲ ಬೆಳಕಿನಲ್ಲಿ ಕೂತು, ಪಿನ್ನಿನ ಮೊನೆಯಲ್ಲಿ ಒಂದೊಂದೇ ಹೊಲಿಗೆ ಎತ್ತಿ, ಒಂದು ಮಡಿಕೆ ಬಿಚ್ಚುತ್ತಿದ್ದಳು. ಬಿಚ್ಚಿದ ಕಡೆ ಬಟ್ಟೆಯ ಬಣ್ಣ ಗಾಢವಾಗಿ, ಹೊಸದಾಗಿ, ಒಂದು ಪಟ್ಟಿಯಂತೆ ಎದ್ದು ಕಾಣುತ್ತಿತ್ತು. ಆ ಪಟ್ಟಿಯ ಎರಡೂ ಕಡೆ ಹಳೆಯ ಹೊಲಿಗೆಯ ತೂತುಗಳ ಸಾಲು. ಅಮ್ಮ ಅದರ ಮೇಲೆ ಸಣ್ಣ ಜರಿ ಲೇಸು ಇಟ್ಟು ಹೊಲಿದರೆ ಲಂಗಕ್ಕೆ ಎರಡನೇ ಅಂಚು ಬಂದ ಹಾಗೆ ಆಗುತ್ತಿತ್ತು. ನಾನು ಅದನ್ನು ಹೊಸ ಲಂಗ ಅಂತಲೇ ಶಾಲೆಯಲ್ಲಿ ಹೇಳುತ್ತಿದ್ದೆ, ನನಗದು ಹೊಸದೇ ಆಗಿತ್ತು.

ಲೆಕ್ಕ ಸುಲಭ. ಒಂದು ಇಂಚಿನ ಮಡಿಕೆ ಎರಡು ಇಂಚು ಬಟ್ಟೆ ನುಂಗುತ್ತದೆ. ಒಂದೊಂದು ಇಂಚಿನ ಮೂರು ಮಡಿಕೆ ಹಾಕಿದರೆ ಆರು ಇಂಚು ಒಳಗೆ ಇರುತ್ತದೆ. ಲಂಗಕ್ಕೆ ವರ್ಷಕ್ಕೆ ಎರಡು ಇಂಚು ಬಿಚ್ಚಿದರೆ ಸಾಕಾಗುತ್ತದೆ, ಅಂದರೆ ಮೂರು ವರ್ಷ. ಬಿಚ್ಚಬೇಕಾದ ಮಡಿಕೆಯ ಹೊಲಿಗೆ ಉದ್ದುದ್ದ ಇರಲಿ, ಬಿಗಿಯಾದ ಸಣ್ಣ ಹೊಲಿಗೆ ಹಾಕಿದರೆ ಬಿಚ್ಚುವಾಗ ರೇಷ್ಮೆ ಹರಿಯುತ್ತದೆ. ನೀವು ಈಗಾಗಲೇ ಲಂಗ ಹೊಲಿದು ಆಗಿರುವುದರಿಂದ, ಮೇಲೆ ಸೊಂಟದ ಕಡೆ ಎಷ್ಟು ಬಟ್ಟೆ ಮಡಚಿದ್ದೀರಿ ನೋಡಿ. ಅದನ್ನು ಕತ್ತರಿಸದೆ ಬಾಡಿಯ ಒಳಗೆ ಹಾಗೇ ಬಿಟ್ಟುಬಿಡಿ.

ರವಿಕೆಗೆ ಜರಿ ಅಂಚಿನ ತೋಳು ಇಟ್ಟಿದ್ದರೆ ಒಳಗೆ ತಪ್ಪದೆ ಮಲ್‌ಮಲ್ ಲೈನಿಂಗ್ ಕೊಡಿ. ಇದನ್ನು ನಾನು ಕಷ್ಟದಿಂದ ಕಲಿತೆ. ಮಗಳಿಗೆ ಮೂರು ವರ್ಷ ಇದ್ದಾಗ ಒಂದು ಮದುವೆಗೆ ಜರಿ ತೋಳಿನ ರವಿಕೆ ಹೊಲಿದಿದ್ದೆ, ಎಲ್ಲರೂ ಹೊಗಳಿದರು. ರಾತ್ರಿ ಬಿಚ್ಚಿದಾಗ ಕಂಕುಳ ಸುತ್ತ ಬಾಚಣಿಗೆಯಲ್ಲಿ ಗೀರಿದ ಹಾಗೆ ಸಾಲು ಸಾಲು ಕೆಂಪು ಗೆರೆ. ಇಡೀ ದಿನ ಅವಳು ಅತ್ತಿರಲಿಲ್ಲ, ಕೈಯನ್ನು ಮೈಯಿಂದ ಸ್ವಲ್ಪ ದೂರ ಹಿಡಿದುಕೊಂಡು ಓಡಾಡಿದ್ದಳು ಅಷ್ಟೇ, ನಾನು ಅದನ್ನು ಗಮನಿಸಿರಲಿಲ್ಲ. ಅಂದಿನಿಂದ ಯಾವ ಮಗುವಿನ ಬಟ್ಟೆಯನ್ನೂ ಕೊಡುವ ಮೊದಲು ಒಳಮಗ್ಗುಲು ತಿರುಗಿಸಿ ನನ್ನ ಕೆನ್ನೆಗೆ ಉಜ್ಜಿ ನೋಡುತ್ತೇನೆ. ಕೈಗೆ ಗೊತ್ತಾಗದ್ದು ಕೆನ್ನೆಗೆ ಗೊತ್ತಾಗುತ್ತದೆ.

ಪ್ರಶ್ನೆ: ಹೊಲಿದು ಮುಗಿದ ಮೇಲೆ ನೋಡಿದರೆ ಕೊರಳಲ್ಲಿ ಮಗುವಿನ ತಲೆಯೇ ಹೋಗುತ್ತಿಲ್ಲ! ಕತ್ತಿನ ಅಳತೆ ಸರಿಯಾಗಿಯೇ ತೆಗೆದಿದ್ದೆ.
– ಓದುಗರು, ಮಂಗಳೂರು

ಉತ್ತರ: ಕತ್ತಿನ ಅಳತೆ ಸರಿ ಇದೆ, ತಲೆಯ ಅಳತೆ ತೆಗೆಯಲಿಲ್ಲ. ಮೂರು ವರ್ಷದ ಮಗುವಿನ ಕತ್ತು ಸುಮಾರು ಹತ್ತು ಇಂಚು, ತಲೆ 19, 20 ಇಂಚು. ಮಕ್ಕಳ ತಲೆ ಮೈಗೆ ಹೋಲಿಸಿದರೆ ದೊಡ್ಡದು. ಕೊರಳು ಬಿಚ್ಚಿದಾಗ ತಲೆಗಿಂತ ಒಂದು ಇಂಚಾದರೂ ಜಾಸ್ತಿ ಇರಬೇಕು. ಈಗ ಹಿಂಭಾಗದ ನಡುವೆ ನೇರವಾಗಿ ನಾಲ್ಕೈದು ಇಂಚು ಸೀಳಿ, ಎರಡೂ ಅಂಚಿಗೆ ಓರೆ ಪಟ್ಟಿ ಕೊಟ್ಟು, ಮೇಲೊಂದು ಗುಂಡಿ, ದಾರದ ಕುಣಿಕೆ ಹಾಕಿ. ಕೊರಳನ್ನು ಅಗಲ ಮಾಡಲು ಹೋಗಬೇಡಿ, ಭುಜ ಜಾರುತ್ತದೆ. ಕುತ್ತಿಗೆಗೆ ಕಟ್ಟುವ ಲಾಡಿ, ದಾರ, ಕುಚ್ಚು ಯಾವುದೂ ಬೇಡ. ಜಾರುಬಂಡಿಯಲ್ಲೋ ಗೇಟಿನ ಕೊಂಡಿಯಲ್ಲೋ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ. ಇದೊಂದು ವಿಷಯದಲ್ಲಿ ಚಂದದ ಮಾತು ನಾನು ಕೇಳುವುದೇ ಇಲ್ಲ.

ಪ್ರಶ್ನೆ: ಅಂಬ್ರೆಲಾ ಫ್ರಾಕಿನ ಸ್ಕರ್ಟನ್ನು ಅಳೆದು ಗುಂಡಗೆ ಕತ್ತರಿಸಿದ್ದೆ, ಆದರೂ ಎರಡು ದಿನಕ್ಕೆ ಒಂದು ಕಡೆ ಇಳಿದಿದೆ.
– ಕಾಲೇಜು ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ನಿಮ್ಮ ಕತ್ತರಿ ತಪ್ಪಿಲ್ಲ. ಗುಂಡಗೆ ಕತ್ತರಿಸಿದಾಗ ಕೆಲವು ಕಡೆ ಎಳೆ ನೇರ ಇರುತ್ತದೆ, ಕೆಲವು ಕಡೆ ಓರೆ. ಓರೆ ಇರುವ ಕಡೆ ಬಟ್ಟೆ ತನ್ನ ಭಾರಕ್ಕೆ ತಾನೇ ಜಗ್ಗುತ್ತದೆ. ಅದಕ್ಕೆ ಸೊಂಟ ಜೋಡಿಸಿದ ಮೇಲೆ ಅಂಚು ಹೊಲಿಯದೆ ಒಂದು ದಿನ, ಸಾಧ್ಯವಾದರೆ ಎರಡು ದಿನ, ಹ್ಯಾಂಗರಿಗೆ ನೇತುಹಾಕಿ. ಇಳಿಯುವುದೆಲ್ಲ ಇಳಿದ ಮೇಲೆ ಮಗುವಿಗೆ ಹಾಕಿ, ನೆಲದಿಂದ ಸ್ಕೇಲು ಇಟ್ಟು ಸುತ್ತ ಒಂದೇ ಎತ್ತರಕ್ಕೆ ಗುರುತು ಮಾಡಿ ಕತ್ತರಿಸಿ. ಗುಂಡಿನ ಲೆಕ್ಕ ಕೇಳುವವರಿಗೆ: ಸೊಂಟದ ಸುತ್ತಳತೆಯನ್ನು 6.28ರಿಂದ ಭಾಗಿಸಿ. 22 ಇಂಚಿಗೆ ಮೂರೂವರೆ ಇಂಚು ಬರುತ್ತದೆ, ನಾಲ್ಕಾಗಿ ಮಡಚಿದ ಬಟ್ಟೆಯ ಮಡಿಕೆಯ ಮೂಲೆಯಿಂದ ಅಷ್ಟು ದೂರಕ್ಕೆ ಸೊಂಟದ ಗೆರೆ. ಅಂಬ್ರೆಲಾದಲ್ಲಿ ಬೆಳವಣಿಗೆಗೆ ಅಂಚು ಬಿಡಲು ಆಗುವುದಿಲ್ಲ, ಗುಂಡು ಅಂಚು ಅರ್ಧ ಇಂಚಿಗಿಂತ ಜಾಸ್ತಿ ಮಡಚಿದರೆ ಸುಕ್ಕಾಗುತ್ತದೆ. ಅದಕ್ಕೇ ನಾನು ಬೆಳೆಯುವ ಮಕ್ಕಳಿಗೆ ನೆರಿಗೆಯ ಸ್ಕರ್ಟೇ ವಾಸಿ ಅನ್ನುವುದು. ಅಂಚಿರುವ ಸೀರೆಯಂತೂ ಅಂಬ್ರೆಲಾಗೆ ಬೇಡವೇ ಬೇಡ, ನೇರ ಅಂಚು ಗುಂಡಗೆ ತಿರುಗುವುದಿಲ್ಲ.

ಪ್ರಶ್ನೆ: ಮೂರು ರಾತ್ರಿ ಕೂತು ಹೊಲಿದ ಫ್ರಾಕನ್ನು ಮಗಳು ಹಾಕಿಕೊಳ್ಳುವುದಿಲ್ಲ ಅಂತ ಹಟ ಮಾಡುತ್ತಾಳೆ. ಆರು ವರ್ಷ. ನನಗೆ ಅಳುವೇ ಬಂತು.
– ತಾಯಿ, ಕಲಬುರಗಿ

ಉತ್ತರ: ನಿಮ್ಮ ಮೂರು ರಾತ್ರಿ ನನಗೆ ಅರ್ಥವಾಗುತ್ತದೆ. ಹಟ ಅಂತ ಬಿಡಬೇಡಿ, ಎಲ್ಲಿ ಚುಚ್ಚುತ್ತದೆ ಅಂತ ಕೇಳಿ. ಎಷ್ಟೋ ಸಲ ಮಕ್ಕಳಿಗೆ ಹೇಳಲು ಬರುವುದಿಲ್ಲ, ಚೆನ್ನಾಗಿಲ್ಲ ಅಂತಷ್ಟೇ ಹೇಳುತ್ತಾರೆ. ಸೊಂಟದ ನೆರಿಗೆ ಸೇರುವ ಕಡೆ ಒಳಗೆ ನಾಲ್ಕಾರು ಪದರ ಬಟ್ಟೆ ಗಟ್ಟಿಯಾಗಿ ಕೂತಿರುತ್ತದೆ, ಕೂತರೆ ಹೊಟ್ಟೆಗೆ ಒತ್ತುತ್ತದೆ. ಆ ಅಂಚಿಗೆ ಓರೆ ಪಟ್ಟಿ ಸುತ್ತಿ ಮೇಲ್ಮುಖವಾಗಿ ಹೊಲಿದುಬಿಡಿ. ಕೆಳಗೆ ನೆಟ್ ಇದ್ದರೆ ಅದು ತೊಡೆಗೆ ತಾಗದ ಹಾಗೆ ಒಳಗೆ ಉದ್ದದ ಕಾಟನ್ ಲೈನಿಂಗ್ ಕೊಡಿ. ನೆಟ್, ಪಾಲಿಯೆಸ್ಟರ್ ಹಾಕಿದ ಮಗು ದೀಪದ, ಪಟಾಕಿಯ ಹತ್ತಿರ ಹೋಗಬಾರದು. ಅದು ಬೆಂಕಿಗೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ದೀಪಾವಳಿಗೆ ಮೈಗೆ ಹೊಂದಿಕೊಂಡಿರುವ ಕಾಟನ್ ಬಟ್ಟೆಯೇ ಇರಲಿ.

ಚುಚ್ಚುವುದು ಏನೂ ಇಲ್ಲವಾದರೆ ಒಂದು ಜೇಬು ಇಟ್ಟು ನೋಡಿ. ನಿಜವಾಗಿ ಹೇಳುತ್ತಿದ್ದೇನೆ. ಹುಡುಗರ ಚಡ್ಡಿಗೆ ಎರಡು ಜೇಬು, ಹುಡುಗಿಯರ ಫ್ರಾಕಿಗೆ ಒಂದೂ ಇಲ್ಲ, ಇದು ಯಾವ ನ್ಯಾಯ? ನನ್ನ ಮಗಳು ಆ ವಯಸ್ಸಿನಲ್ಲಿ ಹುಣಸೆ ಬೀಜ, ಬಳೆ ಚೂರು, ಚಾಕೊಲೇಟಿನ ಕಾಗದ ಎಲ್ಲವನ್ನೂ ಮುಷ್ಟಿಯಲ್ಲಿ ಹಿಡಿದುಕೊಂಡೇ ಊಟಕ್ಕೆ ಕೂರುತ್ತಿದ್ದಳು. ಪಕ್ಕದ ಹೊಲಿಗೆಯಲ್ಲಿ ಐದು ಇಂಚು ಅಗಲ, ಆರು ಇಂಚು ಆಳದ ಜೇಬು ಇಟ್ಟುಕೊಟ್ಟ ಮೇಲೆ ಅದೊಂದೇ ಫ್ರಾಕು ಬೇಕು ಅಂತ ಒಗೆಯಲೂ ಬಿಡುತ್ತಿರಲಿಲ್ಲ. ನಿಮ್ಮ ಫ್ರಾಕಿನ ಪಕ್ಕದ ಹೊಲಿಗೆಯನ್ನು ಸೊಂಟದ ಎರಡು ಇಂಚು ಕೆಳಗಿನಿಂದ ಐದು ಇಂಚು ಬಿಚ್ಚಿದರೆ ಈಗಲೂ ಜೇಬು ಕೂರಿಸಬಹುದು. ಮುಂದಿನ ಸಲ ಬಟ್ಟೆ ಅಂಗಡಿಗೆ ಅವಳನ್ನೂ ಕರೆದುಕೊಂಡು ಹೋಗಿ. ಅವಳು ಆರಿಸಿದ ಬಣ್ಣ ನಿಮಗೆ ಇಷ್ಟವಾಗದಿದ್ದರೂ ತನ್ನಿ.

ಪ್ರಶ್ನೆ: ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಕೂಸಿಗೆ ಖಣದ ಕುಂಚಿಗೆ, ನಾಲ್ಕು ಜಬಲಾ ಹೊಲಿಯಬೇಕು. ಹೊಸ ಬಟ್ಟೆಯೇ ತರಬೇಕಾ?
– ಅಜ್ಜಿ, ಗದಗ

ಉತ್ತರ: ಜಬಲಾಕ್ಕೆ ಹೊಸದು ಬೇಡವೇ ಬೇಡ. ಒಗೆದು ಒಗೆದು ಮೆತ್ತಗಾದ ಧೋತರಕ್ಕಿಂತ ಒಳ್ಳೆಯ ಬಟ್ಟೆ ಕೂಸಿಗೆ ಇಲ್ಲ. ಬಿಸಿನೀರಿನಲ್ಲಿ ಒಗೆದು, ಬಿಸಿಲಲ್ಲಿ ಒಣಗಿಸಿ ಕತ್ತರಿಸಿ. ಹೊಲಿಗೆಯ ಅಂಚು ಹೊರಗೆ ಬರಲಿ, ಒಳಗೆ ನುಣ್ಣಗಿರಲಿ, ನೋಡುವವರು ಉಲ್ಟಾ ಹಾಕಿದ್ದೀರಿ ಅಂದರೂ ಪರವಾಗಿಲ್ಲ. ಗುಂಡಿ, ಮಣಿ, ಟಿಕಳಿ ಯಾವುದೂ ಬೇಡ, ಕಿತ್ತುಬಂದರೆ ಕೂಸಿನ ಬಾಯಿಗೇ ಹೋಗುತ್ತದೆ. ಎದೆಯ ಪಕ್ಕದಲ್ಲಿ ಕಟ್ಟುವ ಎರಡು ಗಿಡ್ಡ ಕಸಿ ಸಾಕು. ನಾಲ್ಕು ಸಾಲುವುದಿಲ್ಲ, ಎಂಟು ಹೊಲಿಯಿರಿ.

ಕುಂಚಿಗೆ, ಅಂದರೆ ತಲೆಯಿಂದ ಬೆನ್ನಿಗೆ ಇಳಿಯುವ ಕೂಸಿನ ಟೊಪ್ಪಿಗೆ, ಖಂಡಿತ ಹೊಲಿಯಿರಿ, ಒಳಗೆ ಧೋತರದ ಅಸ್ತರಿ ಕೊಡಿ. ತೊಟ್ಟಿಲು ಶಾಸ್ತ್ರಕ್ಕೆ, ಹೊರಗೆ ಎತ್ತಿಕೊಂಡು ಹೋಗುವಾಗ ಹಾಕಿ. ಮಲಗಿಸುವಾಗ ತೆಗೆದುಬಿಡಿ, ಮುಖದ ಮೇಲೆ ಜಾರಬಾರದು, ತಲೆ ಕಾಯಲೂಬಾರದು.

ಪ್ರಶ್ನೆ: ನಾನು ಎರಡೂವರೆ ವರ್ಷದ ಮಗಳ ಅಪ್ಪ. ಹೆಂಡತಿಗೆ ಹೊಲಿಗೆ ಇಷ್ಟವಿಲ್ಲ, ನನಗೆ ಇಷ್ಟ, ಆದರೆ ಏನೂ ಬರುವುದಿಲ್ಲ. ಮನೆಯಲ್ಲಿ ನಗುತ್ತಾರೆ. ಎಲ್ಲಿಂದ ಶುರು ಮಾಡಲಿ ಮೇಡಂ?
– ಕನ್ನಡಿಗ ಓದುಗರು, ಪುಣೆ

ಉತ್ತರ: ನಗುವವರಿಗೆ ಅವರ ಬೀದಿಯ ಟೈಲರ್ ಅಂಗಡಿಗಳನ್ನು ಒಮ್ಮೆ ನೋಡಲು ಹೇಳಿ, ಮೆಷಿನ್ ಮುಂದೆ ಕೂತವರಲ್ಲಿ ಗಂಡಸರು ಎಷ್ಟಿದ್ದಾರೆ ಅಂತ.

ನೀವು ಅಳತೆಪಟ್ಟಿ, ಡ್ರಾಫ್ಟಿಂಗ್ ಪುಸ್ತಕ ಯಾವುದನ್ನೂ ಈಗಲೇ ಮುಟ್ಟಬೇಡಿ. ಮಗಳಿಗೆ ಸರಿಯಾಗಿ ಕೂರುವ, ತೋಳಿಲ್ಲದ ಸಡಿಲ ಫ್ರಾಕು ಒಂದು ಇರುತ್ತದಲ್ಲ, ಅದನ್ನು ಇಸ್ತ್ರಿ ಮಾಡಿ, ಉದ್ದಕ್ಕೆ ನಡುವೆ ಮಡಚಿ, ಮಡಿಸಿದ ದಿನಪತ್ರಿಕೆಯ ಮೇಲೆ ಮಡಿಕೆಗೆ ಮಡಿಕೆ ಕೂಡಿಸಿ ಇಡಿ. ಸುತ್ತ ಪೆನ್ನಿನಲ್ಲಿ ಗೆರೆ ಎಳೆಯಿರಿ. ಆ ಗೆರೆಯಿಂದ ಹೊರಗೆ ಕೊರಳು, ಕಂಕುಳಿಗೆ ಅರ್ಧ ಇಂಚು, ಭುಜಕ್ಕೆ ಅರ್ಧ ಇಂಚು, ಪಕ್ಕಕ್ಕೆ ಒಂದು ಇಂಚು, ಕೆಳಗೆ ಮೂರು ಇಂಚು ಬಿಟ್ಟು ಇನ್ನೊಂದು ಗೆರೆ. ಕತ್ತರಿಸುವುದು ಹೊರಗಿನ ಗೆರೆಯಲ್ಲಿ, ಹೊಲಿಯುವುದು ಒಳಗಿನ ಗೆರೆಯಲ್ಲಿ. ಹಿಂಭಾಗದ ಕೊರಳು ಮೇಲಿರುತ್ತದೆ, ಮುಂಭಾಗದ್ದು ಕೆಳಗೆ, ಎರಡಕ್ಕೂ ಬೇರೆ ಬೇರೆ ಕಾಗದ ಮಾಡಿಕೊಳ್ಳಿ. ಕಾಗದಕ್ಕೂ ಬಟ್ಟೆಗೂ ಒಂದೇ ಕತ್ತರಿ ಬಳಸಬೇಡಿ, ಕಾಗದ ಕತ್ತರಿಸಿದ ಕತ್ತರಿ ಬಟ್ಟೆಯನ್ನು ಅಗಿಯುತ್ತದೆ.

ಮೊದಲ ಬಟ್ಟೆ ದಪ್ಪನೆಯ, ಜಾರದ ಕಾಟನ್ ಇರಲಿ, ಚುಕ್ಕಿಯೋ ಸಣ್ಣ ಹೂವೋ ಇದ್ದರೆ ಹೊಲಿಗೆ ವಕ್ರವಾದರೂ ಕಾಣುವುದಿಲ್ಲ. ಮೊದಲು ಭುಜ, ಆಮೇಲೆ ಕೊರಳು ಮತ್ತು ಕಂಕುಳಿಗೆ ಓರೆ ಪಟ್ಟಿ, ಆಮೇಲೆ ಪಕ್ಕ. ಕೊರಳಲ್ಲಿ ತಲೆ ಹೋಗುತ್ತದಾ ಅಂತ ಪಟ್ಟಿ ಕೊಡುವ ಮೊದಲೇ ನೋಡಿ, ಮೇಲೆ ಮಂಗಳೂರಿನವರಿಗೆ ಹೇಳಿದ್ದೇನೆ. ಪಕ್ಕವನ್ನು ಮೊದಲು ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿ ಮಗಳಿಗೆ ತೊಡಿಸಿ. ಅವಳನ್ನು ನಿಲ್ಲಿಸಿ ನೋಡಬೇಡಿ. ಎರಡೂ ಕೈ ಮೇಲೆತ್ತಲು ಹೇಳಿ, ಕುಕ್ಕರಗಾಲಲ್ಲಿ ಕೂರಲು ಹೇಳಿ, ನಿಮ್ಮ ಹೆಗಲು ಹತ್ತಲು ಬಿಡಿ. ಎಲ್ಲಿ ಎಳೆಯುತ್ತದೋ ಅಲ್ಲಿ ಕಚ್ಚಾ ಹೊಲಿಗೆ ಬಿಚ್ಚಿ ಅರ್ಧ ಇಂಚು ಹೊರಗೆ ಹಾಕಿ. ಬಟ್ಟೆ ಒಳಗೆ ಇದ್ದೇ ಇದೆ. ಆಮೇಲೆ ಮೆಷಿನ್ ಹೊಲಿಗೆ.